ಹಳೆಯ ನೀರಿನ ಪೈಪು

ನಮ್ಮ ತೀರ್ಥರೂಪರು 1966ರಲ್ಲಿ ಕೊಂಡ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರನ್ನು ನಾವು ಅಣ್ಣತಮ್ಮಂದಿರು ಮಾರಿಲ್ಲ. ಮದ್ರಾಸಿನಲ್ಲಿ ತಯಾರಾದ ಗಾಡಿ. ಇಂಗ್ಲೆಂಡಿನ ಟ್ರಯಂಫ್ ಕಂಪನಿಯವರು 1962ರಲ್ಲಿ ಹೊರತಂದ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರು ಈ ಹೆರಾಲ್ಡಿನ ಚಾಸಿಯನ್ನೇ ಕಿರಿದು ಮಾಡಿ ಕಟ್ಟಿದ್ದು. ಎಂಜಿನ್ನೂ ಅದೇ ಮನೆತನದ್ದು.

2023ರಲ್ಲಿ ಸೊಲ್ಲಾಪುರದಲ್ಲಿ ಎಂಜಿನ್ ಬಿಚ್ಚಿಸಿ ರಿಂಗು, ಬೇರಿಂಗು ಹಾಕಿಸಿದೆವು. ಮರಳಿ ಕೂಡಿಸುವಾಗ ಮಿಸ್ತ್ರಿ, ರೇಡಿಯೇಟರಿನ ಎರಡೂ ಪೈಪು ಹೊಸವು ತರಬೇಕೆಂದ. ಕೆಳಗಿನದನ್ನು ಒರೆಸಿ ನೋಡಿದೆವು, ಎಲ್ಲಿಯೂ ಸೀಳಿಲ್ಲ. "ಇದ ನಡೀತೈತಿ ಬಿಡಪಾ" ಅಂದೆವು. ವ್ಯಾಪಾರಿ ಬುದ್ಧಿ!

ಅಂಗಳದಲ್ಲಿ ಅರ್ಧ ತಾಸು ನಡೆಸಿದರೂ ಏನೂ ಆಗಲಿಲ್ಲ. ಬಾರ್ಶಿ ರಸ್ತೆಯಲ್ಲಿ ವೇಗ ಹೆಚ್ಚಿದೊಡನೆ ಮುಂದಿನಿಂದ ಉಗಿ ಎದ್ದಿತು. ಪಂಪು ನೀರನ್ನು ಎಳೆದುಕೊಳ್ಳುವುದು ಕೆಳಗಿನ ಪೈಪಿನಿಂದ. ಒಳಗೆ ಮೆತ್ತಗಾದ ರಬ್ಬರು ಆ ಎಳೆತಕ್ಕೆ ಚಪ್ಪಟೆಯಾಗಿ ನೀರಿನ ದಾರಿಯನ್ನೇ ಕಟ್ಟಿಬಿಟ್ಟಿತ್ತು. ತಮ್ಮನ ಮಗ ಬಾನೆಟ್ಟನ್ನು ಮುಂದಕ್ಕೆ ಮಗುಚಿ, ಕೈವಸ್ತ್ರ ಹಿಡಿದು ರೇಡಿಯೇಟರಿನ ಮುಚ್ಚಳ ತಿರುವಲು ಹೋದ. ಅಣ್ಣನವರು ಅವನ ರಟ್ಟೆ ಹಿಡಿದು ಹಿಂದಕ್ಕೆಳೆದರು. ಕ್ಷಣ ತಡವಾಗಿದ್ದರೆ ಮುಖದ ಮೇಲೆ ಕುದಿನೀರು.

ಹೆಡ್ ಗ್ಯಾಸ್ಕೆಟ್ ಹೋಯಿತು, ಹೆಡ್ಡನ್ನು ಮಟ್ಟ ಮಾಡಿಸಬೇಕಾಯಿತು. ಪೈಪಿನ ಹತ್ತು ಪಟ್ಟು ಖರ್ಚು. ಈ ಸಲ ಒಳಗೆ ತಂತಿಯ ಸುರುಳಿಯಿದ್ದ ಪೈಪನ್ನೇ ತಂದೆವು. ಕ್ಲಿಪ್ಪನ್ನು ಕೊಳವೆಯ ಉಬ್ಬಿನಾಚೆ ಬಿಗಿಸಿ, ಮುಚ್ಚಳ ತೆಗೆದಿಟ್ಟು ಎಂಜಿನ್ ನಡೆಸುತ್ತ, ಗುಳ್ಳೆ ನಿಲ್ಲುವವರೆಗೆ ನಿಧಾನ ನೀರು ತುಂಬಿದೆವು. ಹುಡುಗ ಮಾತ್ರ ಮಾರು ದೂರ ನಿಂತೇ ನೋಡುತ್ತಿದ್ದ.