ಭಯ ಮತ್ತು ಭರವಸೆ

ದೇಹಕ್ಕೆ ಅಪಾಯ ಒದಗುವ ಮೊದಲೇ ಎಚ್ಚರಿಸುವ ಕಾವಲುಗಾರನಂತೆ ಭಯವು ಪ್ರತಿಯೊಂದು ಜೀವಿಯಲ್ಲಿಯೂ ನೆಲೆಸಿದೆ. ಆದರೆ ಕಾವಲುಗಾರನೇ ಮನೆಯ ಯಜಮಾನನಾಗಿ ಕುಳಿತರೆ ಬಾಗಿಲು ತೆರೆಯುವುದೇ ಇಲ್ಲ. ಆಗ ಅವನನ್ನು ಗದರಿಸಿ ಓಡಿಸಬೇಕೆ, ಉಪಾಯದಿಂದ ವಂಚಿಸಬೇಕೆ, ಅಥವಾ ಅವನ ಮಾತನ್ನೂ ಆಲಿಸಿ ಒಪ್ಪಿಸಬೇಕೆ? ಮಕ್ಕಳನ್ನು ಬೆಳೆಸುವವರೆಲ್ಲರಿಗೂ ಒಂದಲ್ಲ ಒಂದು ದಿನ ಎದುರಾಗುವ ಪ್ರಶ್ನೆಯಿದು. ಬೆಂಗಳೂರಿನ ಪೂರ್ವದಲ್ಲಿರುವ ದೊಡ್ಡನೆಕ್ಕುಂದಿಯ ಒಂದು ಕುಟುಂಬಕ್ಕೆ ಅದು ಜಿಮ್ನಾಸ್ಟಿಕ್ಸ್ ಕಲಿಯುತ್ತಿದ್ದ ಹನ್ನೆರಡು ವರ್ಷದ ಮಗಳ ಮೂಲಕ ಎದುರಾಯಿತು.

ಮಹಿಳೆಯರ ಜಿಮ್ನಾಸ್ಟಿಕ್ಸ್‌ನ ನಾಲ್ಕು ವಿಭಾಗಗಳಲ್ಲಿ ಬ್ಯಾಲೆನ್ಸ್ ಬೀಮ್ ಒಂದು. 5 ಮೀಟರ್ ಉದ್ದದ ಆ ತೊಲೆ ನೆಲದಿಂದ 1.25 ಮೀಟರ್ ಎತ್ತರದಲ್ಲಿರುತ್ತದೆ. ಅದರ ಅಗಲ ಕೇವಲ 10 ಸೆಂಟಿಮೀಟರ್. ಅದರ ಮೇಲೆ ನಿಂತು, ತೋಳುಗಳನ್ನು ಬೀಸಿ ಹಿಂದಕ್ಕೆ ನೆಗೆದು, ಕೈಗಳನ್ನೂರಿ, ಮತ್ತೆ ಅದೇ ಪಟ್ಟಿಯ ಮೇಲೆ ಪಾದಗಳನ್ನಿಳಿಸುವ ಲಾಗವನ್ನು ಬಾಲಕಿ ಕಲಿಯಬೇಕಾಗಿತ್ತು. ನೆಗೆಯುವ ಕ್ಷಣದಲ್ಲಿ ತೊಲೆ ಕಣ್ಣಿಗೆ ಕಾಣುವುದಿಲ್ಲ. ಅದು ಅಲ್ಲಿಯೇ ಇದೆಯೆಂದು ನಂಬಿ ದೇಹವನ್ನು ಒಪ್ಪಿಸಬೇಕು. ಈ ವಿದ್ಯೆಯಲ್ಲಿ ಅರೆಮನಸ್ಸಿನಷ್ಟು ಅಪಾಯಕಾರಿಯಾದುದು ಬೇರೊಂದಿಲ್ಲ. ನಡುವೆ ಅಳುಕಿ ತಡೆದರೆ ಕೈಗಳು ಸೇರಬೇಕಾದ ಸ್ಥಳವನ್ನು ಸೇರುವುದಿಲ್ಲ.

ನೆಲದ ಮೇಲೆ ಈ ಲಾಗ ಅವಳಿಗೆ ನೀರು ಕುಡಿದಷ್ಟು ಸುಲಭವಾಗಿತ್ತು. ತೊಲೆಯ ಮೇಲೆ ಒಂದು ಸಂಜೆ ಎಡಗೈ ಜಾರಿತು. ಮೊಣಕಾಲಿನ ಕೆಳಗೆ ಚರ್ಮ ತರಚಿತು. ಗಾಯ ಒಂದು ವಾರದಲ್ಲಿ ಮಾಯಿತು, ಅಳುಕು ಮಾಯಲಿಲ್ಲ. ತೊಲೆಯನ್ನೇರಿ ತೋಳುಗಳನ್ನೆತ್ತುವಳು, ಮೂರರವರೆಗೆ ಎಣಿಸುವಳು, ತೋಳುಗಳನ್ನು ಇಳಿಸುವಳು. ಹೀಗೆ ಎಷ್ಟೋ ಸಂಜೆಗಳು ಕಳೆದವು. ತಂದೆ ಮೊದಲು ಧೈರ್ಯ ಹೇಳಿದರು, ಆಮೇಲೆ ಬೇಸರಿಸಿದರು. "ಬಿಟ್ಟುಬಿಡಲಿ ಬಿಡಪ್ಪ, ಇದೇನು ಹೊಟ್ಟೆಪಾಡೇ?" ಎಂದರು ಅಜ್ಜಿ. ಬಿಡುವುದಕ್ಕೆ ಮಾತ್ರ ಮಗುವಿಗೇ ಮನಸ್ಸಿರಲಿಲ್ಲ.

ಕೊನೆಗೆ ಶಿಕ್ಷಕಿಯೂ ತಂದೆಯೂ ಸೇರಿ ಒಂದು ಉಪಾಯ ಹೂಡಿದರು. ಶಿಕ್ಷಕಿ ಅವಳ ಸೊಂಟಕ್ಕೆ ಕೈಯಿಟ್ಟು, "ಹಿಡಿದಿದ್ದೇನೆ, ಬಿಡುವುದಿಲ್ಲ" ಎಂದರು. ಅವಳು ನೆಗೆದೊಡನೆ ಕೈ ತೆಗೆದರು. ಲಾಗ ಪೂರ್ಣಗೊಂಡಿತು, ಪಾದಗಳು ತೊಲೆಯ ಮೇಲಿಳಿದವು, ಸುತ್ತಲಿದ್ದ ಮಕ್ಕಳು ಚಪ್ಪಾಳೆ ತಟ್ಟಿದರು. "ನೋಡಿದೆಯಾ, ನೀನೊಬ್ಬಳೇ ಮಾಡಿದೆ!" ಎಂದು ಶಿಕ್ಷಕಿ ಹಿಗ್ಗಿದರು. ಬಾಲಕಿ ನಗಲಿಲ್ಲ. "ಹಿಡಿದಿದ್ದೀನಿ ಅಂದಿರಲ್ಲ, ಮಿಸ್?" ಎಂದಷ್ಟೇ ಕೇಳಿದಳು. ಮರುದಿನದಿಂದ ಅವಳು ಮೊಣಕಾಲೆತ್ತರದ ತೊಲೆಯ ಮೇಲೂ ನೆಗೆಯಲೊಲ್ಲಳು. ಹಿಂದೆ ಕೈ ಇದೆಯೇ ಎಂದು ತಿರುಗಿ ತಿರುಗಿ ನೋಡುವಳು.

ಇಲ್ಲಿ ವಿಚಾರಿಸಬೇಕಾದ ಅಂಶವೊಂದಿದೆ. ಆ ಸುಳ್ಳಿನಲ್ಲಿ ಸ್ವಾರ್ಥವಿರಲಿಲ್ಲ. ಮಗುವಿನ ಹಿತವೇ ಅದರ ಉದ್ದೇಶವಾಗಿತ್ತು. ಅಂದು ಅದು ಫಲಿಸಿತು ಕೂಡ. ಆದರೂ ಮೊದಲು ಒಂದೇ ಇದ್ದ ಭಯ ಎರಡಾಯಿತು. ಬೀಳುವ ಭಯವನ್ನು ಅಭ್ಯಾಸದಿಂದ ಕರಗಿಸಬಹುದಾಗಿತ್ತು. ಹಿರಿಯರ ಮಾತಿನ ಮೇಲೆಯೇ ಹುಟ್ಟಿದ ಶಂಕೆಯನ್ನು ಯಾವ ಅಭ್ಯಾಸದಿಂದ ಕರಗಿಸುವುದು? ಕಾಣದ ತೊಲೆಯನ್ನು ನಂಬಬೇಕಾದ ಮಗುವಿಗೆ ಕಾಣುವ ಮನುಷ್ಯರನ್ನೇ ನಂಬಲಾಗದಂತಾಗಿತ್ತು.

ಶಿಕ್ಷಕಿಯ ದೊಡ್ಡತನವೆಂದರೆ ಅವರು ಇದನ್ನು ಬೇಗನೆ ಅರಿತದ್ದು. ತಂದೆತಾಯಿಯರ ಎದುರಿನಲ್ಲಿಯೇ ಶಿಷ್ಯೆಯ ಕ್ಷಮೆ ಕೇಳಿದರು. ಇನ್ನು ಮುಂದೆ ಪ್ರತಿ ಸಲವೂ ಪೂರ್ತಿ ಕೈಯೋ, ಎರಡು ಬೆರಳೋ, ಏನೂ ಇಲ್ಲವೋ ಎಂಬುದನ್ನು ಮೊದಲೇ ಹೇಳುವುದೆಂದು ಮಾತು ಕೊಟ್ಟರು. "ಇವತ್ತು ಬೇಡ" ಎನ್ನುವ ಹಕ್ಕು ಅವಳದಾಯಿತು. ಅಭ್ಯಾಸ ನೆಲದ ಮೇಲೆ ಎಳೆದ ಗೆರೆಯಿಂದ ಮತ್ತೆ ಆರಂಭವಾಯಿತು. ಆಮೇಲೆ ತಗ್ಗಿನ ತೊಲೆ. ಆಮೇಲೆ ಎರಡೂ ಪಕ್ಕಗಳಲ್ಲಿ ತೊಲೆಯ ಮಟ್ಟಕ್ಕೆ ದಪ್ಪ ಹಾಸುಗಳನ್ನು ಪೇರಿಸಿದ ಎತ್ತರದ ತೊಲೆ. ವಾರಕ್ಕೊಂದು ಹಾಸನ್ನು ತೆಗೆಯುವರು. ಕೆಲವು ವಾರ, ಅವಳು ಕೇಳಿದಾಗ, ತೆಗೆದ ಹಾಸನ್ನು ಮರಳಿ ಇಡುವರು. ಯಾರೂ ಅದನ್ನು ಸೋಲೆಂದು ಕರೆಯಲಿಲ್ಲ.

ಜಗತ್ತಿನ ಶ್ರೇಷ್ಠರಿಗೂ ಈ ಅವಸ್ಥೆ ತಪ್ಪಿದ್ದಲ್ಲ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಸಿಮೋನ್ ಬೈಲ್ಸ್, ಗಾಳಿಯಲ್ಲಿ ತಿರುಗುವಾಗ ತನ್ನ ದೇಹ ಎಲ್ಲಿದೆಯೆಂಬ ಅರಿವೇ ತಪ್ಪುತ್ತಿದೆಯೆಂದು ತಿಳಿಸಿ ತಂಡದ ಸ್ಪರ್ಧೆಯ ನಡುವೆಯೇ ಹಿಂದೆ ಸರಿದರು. ಟೀಕಿಸಿದವರೂ ಇದ್ದರು. ಆದರೆ ಕೆಲವೇ ದಿನಗಳ ನಂತರ, ಆಗಸ್ಟ್ 3ರಂದು, ಅವರು ಬ್ಯಾಲೆನ್ಸ್ ಬೀಮ್ ಮೇಲೆ ಕಂಚಿನ ಪದಕ ಗೆದ್ದರು. ಕೊನೆಯ ನೆಗೆತದಲ್ಲಿ ದೇಹ ಒಲ್ಲೆನೆಂದ ತಿರುವನ್ನು ಕೈಬಿಟ್ಟು, ಸುರಕ್ಷಿತವಾದ ಇನ್ನೊಂದು ಇಳಿತವನ್ನು ಅವರು ಆರಿಸಿಕೊಂಡಿದ್ದರು. ತನ್ನ ಭಯದ ಬಗೆಗೆ ಸತ್ಯ ನುಡಿಯುವುದೂ ಧೈರ್ಯದ ಒಂದು ರೂಪವೇ.

ದೊಡ್ಡನೆಕ್ಕುಂದಿಯ ಬಾಲಕಿಗೆ ನಾಲ್ಕು ತಿಂಗಳು ಹಿಡಿದವು. ಮಳೆಗಾಲದ ಒಂದು ಶನಿವಾರ ಅವಳೇ, "ಮಿಸ್, ಇವತ್ತು ಕೈ ಬೇಡ. ಸ್ವಲ್ಪ ದೂರ ನಿಂತ್ಕೊಳ್ಳಿ" ಎಂದಳು. ಶಿಕ್ಷಕಿ ಎರಡು ಹೆಜ್ಜೆ ಹಿಂದೆ ಸರಿದು, "ಸರಿ, ಕೈ ಇಲ್ಲ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಲಾಗ ಮುಗಿದಾಗ ಅವಳು ತುಸು ತೂಗಾಡಿದಳು, ಬೀಳಲಿಲ್ಲ. ಇಂದಿಗೂ ತೊಲೆಯನ್ನೇರುವ ಮೊದಲು ಅವಳ ಅಂಗೈ ಬೆವರುತ್ತದೆ, ಒರೆಸಿಕೊಂಡು ಏರುತ್ತಾಳೆ.

ಮಕ್ಕಳ ಕೈ ಹಿಡಿದು ನಡೆಸುವ ಹಿರಿಯರು ಒಂದು ದಿನ ಆ ಕೈಯನ್ನು ಬಿಡಲೇಬೇಕು. ಬಿಡುವ ಮುನ್ನ ಹೇಳಿ ಬಿಡುವುದು ಅವರ ಧರ್ಮ.