ಅವ್ವನ ಬೆನ್ನು

ನಮ್ಮವ್ವನ ಫೋಟೋ ಇಲ್ಲ. ಒಂದೂ ಇಲ್ಲ. ಫೋಟೋ ಹಿಡಿಸಬೇಕಾದರೆ ಪೇಟೆಗೆ ಹೋಗಬೇಕು. ಒಂದು ದಿನದ ಕೂಲಿ ಬಿಡಬೇಕು, ಇನ್ನೆರಡು ದಿನದ ಕೂಲಿ ಅಲ್ಲಿ ಸುರಿಯಬೇಕು. ಮೂರು ದಿನದ ಹಿಟ್ಟು ಬಿಟ್ಟು ತನ್ನ ಮುಖ ತಾನು ನೋಡಿಕೊಳ್ಳುವ ಆಸೆ ಕೇರಿಯಲ್ಲಿ ಯಾರಿಗಿತ್ತು?

ಅವ್ವ ಪ್ರತಿ ಎಲೆಕ್ಷನ್ನಿಗೂ ಸಾಲಲ್ಲಿ ನಿಂತಳು, ಬೆರಳಿಗೆ ಮಸಿ ಹಾಕಿಸಿಕೊಂಡಳು. ಆ ಮಸಿ ತಯಾರಾಗುವುದು ನಮ್ಮ ಮೈಸೂರಿನ ಬಣ್ಣದ ಕಾರ್ಖಾನೆಯಲ್ಲೇ. 1962ರ ಚುನಾವಣೆಯಿಂದ ಅದು ಬಳಕೆಯಲ್ಲಿದೆ. ಓಟಿನ ಚೀಟಿಗೆ ಫೋಟೋ ಹಿಡಿಯುವುದು ಶುರುವಾದದ್ದು ಮಾತ್ರ 1993ರಲ್ಲಿ. ಅವ್ವ 1991ರಲ್ಲೇ ಕಣ್ಣು ಮುಚ್ಚಿದಳು. ಅವಳು ಬದುಕಿರೋ ತನಕ ಸರ್ಕಾರಕ್ಕೆ ಅವಳ ಬೆರಳು ಬೇಕಿತ್ತು, ಮುಖ ಬೇಕಿರಲಿಲ್ಲ.

ಈಗ ಅವಳ ಮಕ್ಕಳಾದ ನಮಗೆ ಮೂವರಿಗೂ ತಲೆ ನೆರೆತಿದೆ. ದೊಡ್ಡವನ ಮೊಮ್ಮಗಳಿಗೆ ಐದು ವರ್ಷ. ಗೋಡೆ ಮೇಲಿನ ಬಾಬಾಸಾಹೇಬರ ಫೋಟೋ ನೋಡಿ ಆ ಕೂಸು ಕೇಳಿತು: ‘ತಾತ, ಮುತ್ತವ್ವನ ಫೋಟ ಯಾಕಿಲ್ಲ? ಮುತ್ತವ್ವ ಎಂಗಿದ್ಲು?’

‘ಬಾ ಮಗ, ಬರೆದೇ ನೋಡೋಣ’ ಅಂದು ನಾವೂ ಅದರ ಜೊತೆ ಗೋಡೆ ಮುಂದೆ ಕೂತೆವು.

ಕೂಸು ತನ್ನ ಬಣ್ಣದ ಕಡ್ಡಿ ಡಬ್ಬಿ ತಂದಿತು. ತಿಳಿಗುಲಾಬಿ ಕಡ್ಡಿಯೊಂದನ್ನು ತೆಗೆದು, ‘ಇದು ಸ್ಕಿನ್ ಕಲರು, ಮೈಗೆ ಇದೇ ಹಾಕ್ಬೇಕು, ಮಿಸ್ಸು ಹೇಳವ್ರೆ’ ಅಂದಿತು. ಅದನ್ನು ಕೂಸಿನ ತೋಳಿನ ಪಕ್ಕ ಇಟ್ಟೆವು. ನಮ್ಮ ತೋಳುಗಳ ಪಕ್ಕ ಇಟ್ಟೆವು. ಆ ಬಣ್ಣದ ಚರ್ಮ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ತಲೆತಲಾಂತರದಿಂದ ಚರ್ಮ ಹದ ಮಾಡಿದವರ ಮನೆಗೆ ಬಂದು ಚರ್ಮದ ಬಣ್ಣ ಯಾವುದೆಂದು ಕಲಿಸುತ್ತಾರೆ!

ಇದು ನಮ್ಮೊಬ್ಬರ ಪಾಡಲ್ಲ. ಅಮೆರಿಕದ ಕ್ರೇಯೋಲಾ ಕಡ್ಡಿಗಳಲ್ಲೂ ಇಂಥದೇ ಒಂದು ಬಣ್ಣಕ್ಕೆ ‘ಫ್ಲೆಶ್’, ಅಂದರೆ ಮೈಬಣ್ಣ, ಎಂದು ಹೆಸರಿತ್ತು. ಕಪ್ಪು ಜನ ತಮ್ಮ ಹಕ್ಕಿಗಾಗಿ ಬೀದಿಗಿಳಿದ ಕಾಲದಲ್ಲಿ, ಅದೇ 1962ರಲ್ಲಿ, ಆ ಹೆಸರನ್ನು ‘ಪೀಚ್’ ಎಂದು ಬದಲಿಸಿದರು. 24 ಬಗೆಯ ಮೈಬಣ್ಣದ ಕಡ್ಡಿಗಳು ಬರಲು 2020 ಆಗಬೇಕಾಯಿತು.

ನಾವು ಯಾವ ಕಂಪನಿಗೂ ಕಾಯಲಿಲ್ಲ. ಕೆಮ್ಮಣ್ಣನ್ನು ಬಟ್ಟೆಯಲ್ಲಿ ಸೋಸಿದೆವು. ಇದ್ದಿಲು ಅರೆದೆವು. ಜಾಲಿ ಮರದ ಅಂಟು ನೆನೆಸಿ ಬೆರೆಸಿದೆವು. ಬೇವಿನ ಕಡ್ಡಿ ಜಜ್ಜಿದರೆ ಅದೇ ಕುಂಚ. ಸುಣ್ಣ ಮಾತ್ರ ಕೂಸಿಗೆ ಮುಟ್ಟಗೊಡಲಿಲ್ಲ, ಅದು ಕೈ ಸುಡುತ್ತದೆ. ಅವ್ವನ ಅಂಗೈ ಬಿರಿದದ್ದು ಅದರಿಂದಲೇ. ವರ್ಷಾವರ್ಷ ಗೌಡರ ಮನೆಯ ಹೊರಗೋಡೆಗೆ ಸುಣ್ಣ ಬಳಿದವಳು ಅವಳು. ಒಳಗೋಡೆಯ ಬಣ್ಣ ಯಾವುದೆಂದು ಸಾಯೋ ತನಕ ಅವಳಿಗೆ ಗೊತ್ತಾಗಲಿಲ್ಲ. ಅರಿಶಿನಕ್ಕೆ ಒಂದಿಷ್ಟು ಸುಣ್ಣ ಸೋಕಿಸಿದೆವು. ಕೆಂಪಾಯಿತು. ‘ಮುತ್ತವ್ವನ ಸೀರೆ!’ ಅಂತ ಕೂಸು ಕುಣಿಯಿತು.

ಬಣ್ಣವೇನೋ ಆಯಿತು. ಮುಖ? ದೊಡ್ಡವನು, ‘ಮೂಗು ಚೂಪು’ ಅಂದ. ನಡುವಿನವಳು, ‘ಇಲ್ಲ ಕನಣ್ಣ, ಮೊಂಡು’ ಅಂದಳು. ಕಿರಿಯವನಿಗೆ ನೆನಪಿದ್ದದ್ದು ಅವಳ ಸೆರಗಿನ ಹೊಗೆ ವಾಸನೆ. ಯಾಕೆ ಹೀಗೆ ಅಂತ ಮೂವರೂ ಯೋಚನೆ ಮಾಡಿದೆವು. ನಾವು ಕಂಡದ್ದೆಲ್ಲ ಅವ್ವನ ಬೆನ್ನೇ. ಹೊತ್ತು ಮೂಡುವ ಮುಂಚೆ ಕೂಲಿಗೆ ಹೊರಟ ಬೆನ್ನು. ನಾಟಿ ಗದ್ದೆಯಲ್ಲಿ ಬಾಗಿದ ಬೆನ್ನು. ರಾತ್ರಿ ಒಲೆ ಊದುವ ಬೆನ್ನು. ಬಡವರ ಮಕ್ಕಳಿಗೆ ತಾಯಿಯ ಮುಖ ನೋಡುವುದಕ್ಕೂ ಪುರುಸೊತ್ತು ಸಿಗಬೇಕಲ್ಲ.

‘ಅಂಗಾದ್ರೆ ಬೆನ್ನೇ ಬರೀತೀನಿ ಬುಡಿ’ ಅಂದಿತು ಕೂಸು.

ಬರೆಯಿತು. ಕೆಮ್ಮಣ್ಣು, ಇದ್ದಿಲು ಬೆರೆತ ಬಣ್ಣದಲ್ಲಿ ಗುಡ್ಡದಂಥ ಒಂದು ಬಾಗು. ಕೆಳಗೆ ಎರಡು ದೊಡ್ಡ ಕೈ. ನಮ್ಮ ಮೂವರ ಗಂಟಲೂ ಕಟ್ಟಿತು. ಅದು ಅವ್ವನೇ.

‘ಮುತ್ತವ್ವ ಯಾವಾಗ ಎದ್ದು ನಿಂತ್ಕತಾಳೆ?’

ನಾವು ಏನು ಹೇಳೋಣ? ನಾವು ಬಾಯಿ ತೆರೆಯುವ ಮುಂಚೆ ಕೂಸೇ ಆ ಬಾಗಿನ ಪಕ್ಕ ಇನ್ನೊಂದು ಗೀಟು ಎಳೆಯಿತು. ನೆಟ್ಟಗೆ.

ನಿಮ್ಮ ಕೇರಿಗಳಲ್ಲೂ ಫೋಟೋ ಇಲ್ಲದೆ ಹೋದವರಿದ್ದಾರೆ. ಅವರನ್ನು ಕಂಡ ಕಣ್ಣುಗಳು ಇನ್ನೂ ಕೆಲವು ಉಳಿದಿವೆ. ಅವು ಮುಚ್ಚುವ ಮುಂಚೆ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಬಣ್ಣ ತರೋಕೆ ಪೇಟೆಗೆ ಹೋಗಬೇಕಿಲ್ಲ. ಒಲೆಯಲ್ಲಿ ಇದ್ದಿಲಿದೆ, ಹಿತ್ತಲಲ್ಲಿ ಮಣ್ಣಿದೆ.