ಶರಣಾರ್ಥಿಯ ಬಿನ್ನಹ

ಸಿಂಧನೂರಿನ ಪರಿಸರದಲ್ಲಿ ಆರ್.ಎಚ್. ಕ್ಯಾಂಪುಗಳೆಂದು ಕರೆಯಲ್ಪಡುವ ವಸತಿಗಳಿರುವುದು ವಾಚಕರಿಗೆ ಸುವಿದಿತವೇ. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದ ಕುಟುಂಬಗಳಿಗೆ ಸರಕಾರವು ತುಂಗಭದ್ರೆಯ ಎಡದಂಡೆಯ ಕಾಲುವೆಯ ಪ್ರಾಂತದಲ್ಲಿ ಕಲ್ಪಿಸಿಕೊಟ್ಟ ಪುನರ್ವಸತಿಯ ನೆಲೆಗಳಿವು. ನಿವಾಸಿಗಳಲ್ಲಿ ನಾಮಶೂದ್ರ ಸಮಾಜದವರೇ ಬಹುಮಂದಿ. ಎರೆಯ ನೆಲದಲ್ಲಿ ಬತ್ತವನ್ನು ಬೆಳೆದು, ಶರತ್ಕಾಲದಲ್ಲಿ ದುರ್ಗೆಯನ್ನರ್ಚಿಸಿ, ಮನೆಯಲ್ಲಿ ಬಂಗಾಳಿಯನ್ನೂ ಸಂತೆಯಲ್ಲಿ ಕನ್ನಡವನ್ನೂ ಆಡುತ್ತ ಅವರು ಬಾಳುತ್ತಿರುವರು.

2016ನೆಯ ಇಸವಿಯ ಜುಲೈ ಮಾಸದಲ್ಲಿ ಪೌರತ್ವದ ತಿದ್ದುಪಡಿ ಮಸೂದೆಯು ಲೋಕಸಭೆಯಲ್ಲಿ ಮಂಡಿತವಾಯಿತು. ಪಾಕಿಸ್ತಾನ, ಬಾಂಗ್ಲಾದೇಶ, ಅಫಘಾನಿಸ್ತಾನಗಳಿಂದ ಬಂದ ಹಿಂದೂ, ಸಿಖ್ಖ, ಬೌದ್ಧ, ಜೈನ, ಪಾರಸಿ, ಕ್ರೈಸ್ತರನ್ನು ಅಕ್ರಮ ವಲಸೆಗಾರರೆಂದು ಎಣಿಸಬಾರದೆಂಬುದು ಅದರ ತಾತ್ಪರ್ಯ. ಉಭಯ ಸದನಗಳ ಜಂಟಿ ಸಮಿತಿಯು ಸಾರ್ವಜನಿಕರ ಅಭಿಪ್ರಾಯಗಳನ್ನು ಆಹ್ವಾನಿಸಿತು. ಆಗ ಶಿಬಿರದ ವೃದ್ಧ ರೈತನೊಬ್ಬನು ಲೋಕಸಭಾ ಸದಸ್ಯರಿಗೊಂದು ಬಿನ್ನಹವನ್ನು ಬರೆಯಿಸಲು ಮಗನನ್ನು ಕುಳ್ಳಿರಿಸಿಕೊಂಡನು.

ವೃದ್ಧನು ಮೊದಲ ತಂಡದವನಲ್ಲ. ಬಂಧುಗಳ ಬೆನ್ನುಹತ್ತಿ 1984ರಲ್ಲಿ ಬಂದವನು. 2003ರ ತಿದ್ದುಪಡಿಯು ಇಂಥವರಿಗೆ ಪೌರತ್ವದ ದ್ವಾರವನ್ನು ಮುಚ್ಚಿತ್ತು. ಮಗನು 1989ರಲ್ಲಿ ಇಲ್ಲಿಯೇ ಹುಟ್ಟಿದವನು. ಆದರೆ 1987ರ ಜುಲೈ 1ರಿಂದ ಈಚೆಗೆ ಹುಟ್ಟಿದವರ ತಂದೆತಾಯಿಗಳಲ್ಲಿ ಒಬ್ಬರಾದರೂ ಭಾರತದ ಪ್ರಜೆಯಾಗಿರತಕ್ಕದ್ದೆಂಬ ವಿಧಿಯಿರುವುದರಿಂದ ಆತನೂ ಹೊರಗಿನವನೇ ಆದನು.

ಮಗನು ಎರಡು ಪುಟಗಳನ್ನು ಬರೆದು ಓದಿದನು. ಮೇಲ್ವಿಳಾಸದಲ್ಲಿಯೇ ತಪ್ಪಿತ್ತು, ಸಿಂಧನೂರು ರಾಯಚೂರು ಜಿಲ್ಲೆಯದಾದರೂ ಲೋಕಸಭೆಗೆ ಕೊಪ್ಪಳ ಕ್ಷೇತ್ರಕ್ಕೆ ಸೇರಿದುದು. ಅದನ್ನು ತಿದ್ದಿದ್ದಾಯಿತು. ಒಳಗೆ ಒಂದೂವರೆ ಪುಟ ಪರಮತದ ದೂಷಣೆಯೇ ತುಂಬಿತ್ತು. ವೃದ್ಧನು ಬಹಳ ಹೊತ್ತು ಸುಮ್ಮನಿದ್ದು, "ಇದನ್ನು ಹೊಡೆದುಹಾಕು. ಮನೆ ಸುಟ್ಟವರೂ ಆ ಮತದವರೇ, ರಾತ್ರಿಯಲ್ಲಿ ಕಾಸು ಕೇಳದೆ ನಮ್ಮನ್ನು ಹೊಳೆ ದಾಟಿಸಿದ ಅಂಬಿಗನೂ ಆ ಮತದವನೇ" ಎಂದನು. ಮಗನು ಈ ಸಂಗತಿಯನ್ನು ಅಂದೇ ಮೊದಲು ಕೇಳಿದ್ದು.

ಉಳಿದುದು ಅರ್ಧ ಪುಟ. ಬಂದ ವರುಷ, ಬಂದ ಕಾರಣ, ವಾಸದ ಸ್ಥಳ. ಕಡೆಯಲ್ಲಿ, ಇಲ್ಲಿಯೇ ಹುಟ್ಟಿದ ಮಕ್ಕಳ ಗತಿಯನ್ನೂ ಮಸೂದೆಯು ಸ್ಪಷ್ಟಪಡಿಸಬೇಕೆಂಬ ಒಂದೇ ಪ್ರಾರ್ಥನೆ.

ನಾಮಶೂದ್ರರಿಗೆ ಇಂಥ ಪತ್ರವು ಹೊಸದಲ್ಲ. ಆ ಸಮಾಜದವರೇ ಆದ ಜೋಗೇಂದ್ರನಾಥ ಮಂಡಲರು ಪಾಕಿಸ್ತಾನದ ಪ್ರಥಮ ನ್ಯಾಯಮಂತ್ರಿಗಳಾಗಿದ್ದು, ಪೂರ್ವ ಬಂಗಾಳದ ಅಲ್ಪಸಂಖ್ಯಾತರ ಸಂಕಟವನ್ನು ದೀರ್ಘ ಪತ್ರದಲ್ಲಿ ವಿವರಿಸಿ 1950ರ ಅಕ್ಟೋಬರದಲ್ಲಿ ಪದತ್ಯಾಗ ಮಾಡಿ ಭಾರತಕ್ಕೆ ಬಂದರು. ಮಂತ್ರಿಯೇ ಶರಣಾರ್ಥಿಯಾದ ಬಳಿಕ ರೈತನ ಪಾಡೇನು?

ನಮ್ಮ ಸಂವಿಧಾನದ 25ನೆಯ ಅನುಚ್ಛೇದವು ಮತಸ್ವಾತಂತ್ರ್ಯವನ್ನು 'ಪ್ರಜೆ'ಗಳಿಗೆಂದು ಹೇಳದೆ 'ಎಲ್ಲ ವ್ಯಕ್ತಿ'ಗಳಿಗೆಂದು ಹೇಳಿರುವುದು. ಆದುದರಿಂದ ಪೌರತ್ವವಿಲ್ಲದ ವೃದ್ಧನಿಗೂ ದುರ್ಗೆಯನ್ನು ಪೂಜಿಸುವ ಹಕ್ಕುಂಟು. ಆದರೆ ಇಚ್ಛೆಬಂದಲ್ಲಿ ನೆಲೆಸುವ ಹಕ್ಕು 19ನೆಯ ಅನುಚ್ಛೇದದಂತೆ ಪ್ರಜೆಗಳಿಗೆ ಮಾತ್ರ. ದೇವರನ್ನು ನಿಶ್ಚಿಂತನಾಗಿ ಪೂಜಿಸುವುದಕ್ಕೂ ಕಾಲೂರಲು ನೆಲ ಬೇಕಲ್ಲವೆ?

ಆ ಮಸೂದೆಯು ಲೋಕಸಭೆಯ ಅವಧಿ ಮುಗಿದಾಗ ಬಿದ್ದುಹೋಯಿತು. ಹೊಸದು 2019ರ ಡಿಸೆಂಬರದಲ್ಲಿ ಶಾಸನವಾಯಿತು. ಮತವನ್ನು ನೋಡಿ ಪೌರತ್ವ ಕೊಡುವುದು 14ನೆಯ ಅನುಚ್ಛೇದದ ಸಮಾನತೆಗೆ ವಿರುದ್ಧವೆಂದು ಅನೇಕರು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. ಪೀಡಿತರಿಗೆ ಇದೊಂದೇ ಆಸರೆಯೆಂದು ಬೇರೆಯವರು ವಾದಿಸಿದರು. 2024ರ ಮಾರ್ಚಿ 11ರಂದು ನಿಯಮಗಳು ಹೊರಟವು. ಅದೇ ವರುಷ ಸಿಂಧನೂರಿನ ಶಿಬಿರವಾಸಿಗಳಲ್ಲಿ ಐವರಿಗೆ ಪೌರತ್ವವು ಲಭಿಸಿತು.

ಒಂದು ಬಿನ್ನಹದಿಂದ ಶಾಸನ ಬದಲಾಗುವುದೆಂದು ಯಾರೂ ಹೇಳರು. ಆದರೂ ಬರೆಯತಕ್ಕದ್ದು, ಸತ್ಯವನ್ನೇ ಬರೆಯತಕ್ಕದ್ದು. ಕಪೋತವನ್ನು ಕಾಪಾಡಿದ ಶಿಬಿಯ ಕಥೆಯನ್ನು ಅರಸರಿಗೆ ಹೇಳುವುದು ವಾಡಿಕೆ. ಆಶ್ರಯವನ್ನು ಬೇಡುವವನಿಗೂ ಒಂದು ಧರ್ಮವುಂಟೆಂಬುದನ್ನು, ಅಂಬಿಗನ ಋಣವನ್ನು ಮರೆಯದ ಆ ವೃದ್ಧನು ಮಗನಿಗೆ ಕಲಿಸಿದನು.